ಆರೂವರೆ ಅಡಿ ಕಾಣುತ್ತಿದ್ದ ಕಂಬ: ಹುಬ್ಬಳ್ಳಿಯ ಎರೆ ಮಣ್ಣಿನಲ್ಲಿ ಒಂದು ತಂತಿ ಬೇಲಿಯ ಪ್ರಕರಣ

ಜೂನ್ ಎರಡನೇ ವಾರ, ಬೆಳಗಿನ ಏಳಕ್ಕೆ ಮಾಮಾನ ಫೋನು. "ತಮ್ಮಾ, ನೀ ನಿಂದ್ರಿಸಿದ ಬೇಲಿ ಮಕ್ಕೊಂಡೈತಿ, ನೋಡ ಬಾ."

2024ರ ಫೆಬ್ರುವರಿಯಲ್ಲಿ ಹಾಕಿಸಿದ ಬೇಲಿ. ಇನ್ನೂ ನಾಲ್ಕು ತಿಂಗಳು ತುಂಬಿರಲಿಲ್ಲ. ಹೋಗಿ ನೋಡಿದರೆ 25 ಕಲ್ಲು ಕಂಬಗಳಲ್ಲಿ ಒಂಬತ್ತು ವಾಲಿವೆ. ಹಿಂದಿನ ಬಲಮೂಲೆಯ ಕಂಬವಂತೂ ತುದಿಯಲ್ಲಿ ಐದು ಇಂಚು ಒಳಗೆ ಬಂದಿದೆ. ಜಾಲರಿ ಜೋತುಬಿದ್ದು ಕೆಳಗಿನ ಅಂಚು ನೆಲ ಬಿಟ್ಟು ಎದ್ದಿದೆ. ಅದರಡಿ ಹಂದಿಗಳು ನುಸುಳಿ ಮಾಮಿ ಹಾಕಿದ್ದ ಗೆಣಸಿನ ಮಡಿಯನ್ನು ನೇಗಿಲು ಹೊಡೆದಂತೆ ಬಗೆದಿವೆ. ಮಾಮಿ ಏನೂ ಅನ್ನಲಿಲ್ಲ. ಚಹಾ ಕೊಟ್ಟರು, ಅಷ್ಟೇ. ಅದೇ ಹೆಚ್ಚು ಚುಚ್ಚಿತು. ಯಾಕೆಂದರೆ ನಾನು ಕಟ್ಟಡ ಕೆಲಸದ ಎಸ್ಟಿಮೇಟ್ ಬರೆದು ಹೊಟ್ಟೆ ಹೊರೆಯುವವ; ಗುತ್ತಿಗೆದಾರನನ್ನು ಆರಿಸಿ ಕೊಟ್ಟವನೂ ನಾನೇ.

ಈ ಬೇಲಿಯ ಕಥೆಯನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಗುತ್ತಿಗೆದಾರರ ಹೆಸರು ಬೇಕಿಲ್ಲ. ಅವರದಷ್ಟೇ ತಪ್ಪಲ್ಲ ಎಂಬುದು ಮುಂದೆ ಗೊತ್ತಾಗುತ್ತದೆ.

ಜಾಗ ಹುಬ್ಬಳ್ಳಿಯ ಅಂಚಿನಲ್ಲಿ, ನವಲಗುಂದ ರಸ್ತೆಯ ಕಡೆ. ಮಾಮಾ ನಿವೃತ್ತ ಮಾಸ್ತರು. 60 ಅಡಿ ಅಗಲ, 90 ಅಡಿ ಉದ್ದದ ಪ್ಲಾಟು, ಹೆಚ್ಚುಕಡಿಮೆ ಐದು ಗುಂಟೆ. ಮುಂದೆ ಮನೆ, ಹಿಂದೆ ಕೈತೋಟ. ರಸ್ತೆಯ ಬದಿಗೆ ಮೊದಲೇ ಕಂಪೌಂಡ್ ಗೋಡೆ, ಗೇಟು ಇದ್ದವು. ಉಳಿದ ಮೂರು ಬದಿ, 90, 60, 90, ಒಟ್ಟು 240 ಅಡಿಗೆ ಬೇಲಿ ಬೇಕಿತ್ತು. ಇಟ್ಟಂಗಿ ಗೋಡೆ ಕಟ್ಟಿಸುವಷ್ಟು ರೊಕ್ಕ ಕೈಯಲ್ಲಿರಲಿಲ್ಲ. ಕಲ್ಲು ಕಂಬ ನೆಟ್ಟು ಐದು ಅಡಿ ಎತ್ತರದ ಚೈನ್‌ಲಿಂಕ್ ಜಾಲರಿ ಎಳೆಯೋಣ ಎಂದಾಯಿತು.

ಮೂವರನ್ನು ವಿಚಾರಿಸಿದೆವು. ಒಬ್ಬರು ಅಡಿಗೆ 165 ರೂಪಾಯಿ ಅಂದರು. ಇನ್ನೊಬ್ಬರು, ನವಲಗುಂದ ಕಡೆಯ ಹಿರಿಯರು, 240 ಅಂದರು. ಮೂರನೆಯವರು ಅಡಿ ಲೆಕ್ಕವೇ ಬೇಡ, ಎಲ್ಲ ಸೇರಿ 46,000 ಕೊಡಿ ಅಂದರು. ಮೊದಲನೆಯವರದು 39,600 ಆಗುತ್ತಿತ್ತು, ಎರಡನೆಯವರದು 57,600. ನಮ್ಮ ಜನಕ್ಕೆ ಮೂರು ದರ ಕಂಡರೆ ನಡುವಿನದರ ಮೇಲೆ ಕಣ್ಣು. ಅಗ್ಗದ್ದು ಮೋಸ, ತುಟ್ಟಿಯದು ದುರಾಸೆ, ನಡುವಿನದು ನ್ಯಾಯ ಎಂಬ ಲೆಕ್ಕ. ನಾನೂ ಅದನ್ನೇ ಮಾಡಿದೆ.

ನವಲಗುಂದದ ಹಿರಿಯರು ಹಾರ್ಡ್‌ವೇರ್ ಅಂಗಡಿಯ ಚೀಟಿಯ ಬೆನ್ನ ಮೇಲೆ ನಾಲ್ಕು ಸಾಲು ಗೀಚಿ ಕೊಟ್ಟಿದ್ದರು: ಎಂಟು ಫೂಟಿಗೊಂದು ಕಂಬ, ಎರಡೂವರಿ ಫೂಟ್ ಒಳಗ, ತೆಗ್ಗಿಗೆ (ಅಂದರೆ ಗುಂಡಿಗೆ) ಗರಸು (ಸಣ್ಣ ಕಲ್ಲು ಬೆರೆತ ಮೊರಂ ಮಣ್ಣು), 10 ಗೇಜ್ ತಂತಿ. ಅದನ್ನು ಓದಿ ನಾನು, ರೇಟು ಏರಿಸಲು ಬರೆದ ಬಣ್ಣದ ಮಾತು ಅಂದುಕೊಂಡೆ. ಆ ಚೀಟಿ ಈಗಲೂ ನನ್ನ ಪಾಕೀಟಿನಲ್ಲಿದೆ.

ನಾವು ಒಪ್ಪಿದವರ ಕಡೆಯಿಂದ ಬಂದದ್ದು ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಸಾಲು: 240 ಫೂಟ್ ತಂತಿ ಬೇಲಿ, 8 ಫೂಟಿನ ಕಲ್ಲು ಕಂಬ, ಜಾಲರಿ 5 ಫೂಟ್, ಒಟ್ಟು 46,000, ಅರ್ಧ ಅಡ್ವಾನ್ಸ್. ತಂತಿಯ ಗೇಜ್ ಎಷ್ಟು, ಜಾಲರಿಯ ಕಣ್ಣು ಎಷ್ಟು ಇಂಚು, ಕಂಬದಿಂದ ಕಂಬಕ್ಕೆ ಎಷ್ಟು ಅಂತರ, ತೆಗ್ಗು ಎಷ್ಟು ಆಳ, ಕಾಂಕ್ರೀಟ್ ಎಲ್ಲಿ, ಎಷ್ಟು, ಮೂಲೆಗೆ ಸಪೋರ್ಟ್ ಕಲ್ಲು ಇದೆಯೋ ಇಲ್ಲವೋ, ಒಂದಕ್ಕೂ ಅದರಲ್ಲಿ ಉತ್ತರವಿರಲಿಲ್ಲ. ಯಾವುದನ್ನು ತಡೆಯಲು ಈ ಬೇಲಿ ಎಂಬುದೂ ಇರಲಿಲ್ಲ. ಅದನ್ನು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಹಂದಿ ಅನ್ನುವ ಎರಡಕ್ಷರ ನಮ್ಮ ಕರಾರಿನಲ್ಲಿ ಎಲ್ಲೂ ಇಲ್ಲ. ದನ ಬೇಲಿಯನ್ನು ಎದೆಯಿಂದ ನೂಕುತ್ತದೆ, ಆಡು ಮೇಲೆ ಕಾಲಿಡುತ್ತದೆ, ಹಂದಿ ಮೂತಿಯಿಂದ ಕೆಳಗಿನಿಂದ ಎತ್ತುತ್ತದೆ. ಮೂರಕ್ಕೂ ಬೇಲಿ ಗಟ್ಟಿಯಿರಬೇಕಾದ ಜಾಗ ಬೇರೆ ಬೇರೆ.

ದಾರ ಕಟ್ಟಿದ ದಿನ

ಒಂದು ಕೆಲಸ ಮಾತ್ರ ನೆಟ್ಟಗಾಯಿತು. ಅದರ ಯಶಸ್ಸು ಎಡಬಾಜೂ ಮನೆಯ ಅಕ್ಕಾವ್ರಿಗೆ ಸಲ್ಲಬೇಕು.

ಆ ಭಾನುವಾರ ನಾನು ಅಲ್ಲೇ ಇದ್ದೆ. ಗುತ್ತಿಗೆದಾರರ ಹುಡುಗರು ಮುಂದಿನ ಎರಡು ಹದ್ದಿನ ಕಲ್ಲು (ಗಡಿಕಲ್ಲು) ಹಿಡಿದು, ಹಿಂದಕ್ಕೆ ಟೇಪು ಎಳೆದು, ನಾಲ್ಕು ಗೂಟ ಹೊಡೆದು ದಾರ ಕಟ್ಟಿದರು. ಹಿಂದಿನ ಒಂದು ಹದ್ದಿನ ಕಲ್ಲು ಎಂದೋ ಜೆಸಿಬಿಗೆ ಸಿಕ್ಕು ಮಾಯವಾಗಿತ್ತು. ದಾರ ಬಿಗಿದು ಇನ್ನೇನು ತೋಡಲು ಹಾರೆ ಎತ್ತಬೇಕು, ಅಕ್ಕಾವ್ರು ಸೆರಗಿಗೆ ಕೈ ಒರೆಸುತ್ತಾ ಹೊರಬಂದರು. ಕೈಯಲ್ಲಿ ಲೇಔಟ್ ನಕ್ಷೆಯ ಜೆರಾಕ್ಸು. "ಅಣ್ಣಾರ, ಸಿಟ್ಟಾಗಬ್ಯಾಡ್ರಿ. ಒಮ್ಮೆ ಅಡ್ಡಾಗಿ ಅಳದ ನೋಡ್ರಿ."

ಮೂಲೆಯಿಂದ ಮೂಲೆಗೆ ಎಂದು ಅವರ ಅರ್ಥ. 60ಕ್ಕೆ 90ರ ಆಯತವಾದರೆ ಎರಡೂ ಕರ್ಣ 108 ಅಡಿ 2 ಇಂಚು ಬರಬೇಕು. ನಮಗೆ ಬಂದದ್ದು ಒಂದು 108 ಅಡಿ 9 ಇಂಚು, ಇನ್ನೊಂದು 107 ಅಡಿ 7 ಇಂಚು. ಅಂದರೆ ಹಿಂದಿನ ಗೆರೆ ಪೂರ್ತಿ ಒಂದು ಅಡಿಯಷ್ಟು ಅವರ ಕಡೆ ಸರಿದಿತ್ತು. ಮುಂದೆ ಸೊನ್ನೆ, ಹಿಂದೆ ಒಂದು ಅಡಿ. 90 ಅಡಿ ಉದ್ದಕ್ಕೆ ಸುಮಾರು 45 ಚದರಡಿಯ ತ್ರಿಕೋನ ಅವರದು ನಮ್ಮ ಬೇಲಿಯೊಳಗೆ ಬರುತ್ತಿತ್ತು. ಬದಿಗಳ ಉದ್ದ ಅಳೆದರೆ ಇದು ಸಿಗುವುದಿಲ್ಲ. ಎಲ್ಲ ಬದಿಯೂ ಸರಿಯಿದ್ದೂ ಆಕಾರ ಓರೆಯಾಗಿರಬಹುದು, ಕಾಲು ಸಡಿಲಾದ ಮಂಚದ ಹಾಗೆ. ಗೂಟ ಕಿತ್ತು, ನಕ್ಷೆ ನೋಡಿ, ಕರ್ಣ ಎರಡೂ ಸಮ ಬರುವವರೆಗೆ ಸರಿಸಿದೆವು. ಅಕ್ಕಾವ್ರ ಯಜಮಾನರು ಬಂದು ನೋಡಿ ಹೋದರು. ನಾಲ್ಕು ಮೂಲೆಯ ಗೂಟದ ಹತ್ತಿರ ಎರಡೂ ಮನೆಯವರು ನಿಂತ ಫೋಟೋ ತೆಗೆದು ಎರಡೂ ಮನೆಯ ಫೋನಿಗೆ ಕಳಿಸಿದೆ.

ಹಿಂದಿನ ಪ್ಲಾಟಿನವರು ಪುಣೆಯಲ್ಲಿದ್ದಾರೆ. ಅವರಿಗೂ ಫೋಟೋ ಕಳಿಸಿ, ಒಪ್ಪಿಗೆಯೆಂದು ಬಾಯಿಂದಲ್ಲ, ಮೆಸೇಜಿನಲ್ಲೇ ತರಿಸಿಕೊಂಡೆ. ಆ ಭಾನುವಾರ ಎರಡು ತಾಸು ಹೋಯಿತು. ಗೆರೆಯ ಬಗ್ಗೆ ಇಂದಿಗೂ ತಕರಾರಿಲ್ಲ.

ಆ ಸಮಾಧಾನದಲ್ಲೇ ಮೈಮರೆತೆ. ಗೆರೆ ಸರಿಯಾಯಿತಲ್ಲ, ಇನ್ನೇನು ಕಂಬ ನೆಡುವುದು ಅಂತ ಧಾರವಾಡಕ್ಕೆ ವಾಪಸ್ಸಾದೆ. ಮಂಗಳವಾರ, ಬುಧವಾರ ಎರಡೇ ದಿನದಲ್ಲಿ 25 ತೆಗ್ಗು ತೋಡಿ, ಕಂಬ ಇಳಿಸಿ, ಮುಚ್ಚಿ ಮುಗಿಸಿದರು. ಗುರುವಾರ ಮಾಮಾ ಫೋಟೋ ಕಳಿಸಿದರು. ಕಂಬಗಳು ಸಾಲಾಗಿ, ಎತ್ತರವಾಗಿ, ಬುಡಕ್ಕೆ ಒಂದೊಂದು ಬುಟ್ಟಿ ಕಾಂಕ್ರೀಟಿನ ಗುಂಡನೆಯ ಕೊರಳಪಟ್ಟಿ ಹಾಕಿಕೊಂಡು ನಿಂತಿದ್ದವು. "ಕಂಬ ಎಷ್ಟ ಎತ್ತರ ಕಾಣ್ತಾವ ನೋಡೋ, ನನಗಿಂತ ಮ್ಯಾಲ," ಅಂದರು ಮಾಮಾ. ನೋಡಿದೆ. ಖುಷಿಪಟ್ಟೆ.

ಎಂಟು ಅಡಿಯ ಕಲ್ಲು ನೆಲದ ಮೇಲೆ ಆರೂವರೆ ಅಡಿ ಕಂಡರೆ ಒಳಗೆ ಹೋದದ್ದು ಒಂದೂವರೆ ಅಡಿ. ಎರಡನೇ ಇಯತ್ತೆಯ ಕಳೆಯುವ ಲೆಕ್ಕ. ಮಾಸ್ತರೂ ಮಾಡಲಿಲ್ಲ, ಎಸ್ಟಿಮೇಟ್ ಬರೆಯುವವನೂ ಮಾಡಲಿಲ್ಲ.

ಮಣ್ಣು ಮಾಡಿದ್ದು

ಅದು ಎರೆ ಮಣ್ಣಿನ ನೆಲ. ಹತ್ತಿ, ಕಡಲೆ, ಬಿಳಿಜೋಳ ಬೆಳೆಯುವ ಕರಿ ನೆಲ. ಅದರಲ್ಲಿರುವ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿಬಿಡುತ್ತದೆ. ಬೇಸಿಗೆಯಲ್ಲಿ ಬಿರುಕಿನೊಳಗೆ ಅಂಗೈ ಇಳಿಸಬಹುದು. 2023ರ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ್ದರು. ಹಾಗಾಗಿ 2024ರ ಫೆಬ್ರುವರಿಯಲ್ಲಿ ಆ ನೆಲ ಎಂದಿಗಿಂತ ಹೆಚ್ಚು ಒಣಗಿ ಕುಗ್ಗಿತ್ತು. ನಾವು ಕಂಬ ನೆಟ್ಟದ್ದು ಅಂಥ ನೆಲದಲ್ಲಿ.

ಒಣ ಎರೆಗೆ ಹಾರೆ ಹಾಕಿದರೆ ಕಲ್ಲಿಗೆ ಹಾಕಿದ ಸದ್ದು. ಒಂದೂವರೆ ಅಡಿಗೆ ಆಳುಗಳ ಕೈ ಸೋತಿತು. ತೋಡಿ ತೆಗೆದ ಹೆಂಟೆಗಳನ್ನೇ ಕಂಬದ ಸುತ್ತ ತುಂಬಿ ತುಳಿದರು. ಹೆಂಟೆ ಹೆಂಟೆಯ ನಡುವೆ ಟೊಳ್ಳು ಉಳಿಯಿತು. ಮೇಲೆ ಕಾಂಕ್ರೀಟು ಬಿದ್ದ ಮೇಲೆ ಟೊಳ್ಳು ಯಾರ ಕಣ್ಣಿಗೆ ಬೀಳಬೇಕು? ಮೊದಲ ಮಳೆಗೆ ಹೆಂಟೆ ಕರಗಿ ಕೆಸರಾಗಿ ಕೂತಿತು, ಕಂಬ ಸಡಿಲಾಯಿತು. ಸುತ್ತಲಿನ ಮಣ್ಣು ಉಬ್ಬಿ ಬುಡದ ಅಗಲವಾದ ಕಾಂಕ್ರೀಟ್ ಪಟ್ಟಿಯನ್ನು ಕೆಳಗಿನಿಂದ ಎತ್ತಿತು. ಅಣಬೆಯ ಕೊಡೆಗೆ ಕೆಳಗಿನಿಂದ ಬೆರಳು ಕೊಟ್ಟು ಎತ್ತಿದ ಹಾಗೆ. ಗಟ್ಟಿಯಾಗಲಿ ಎಂದು ಹಾಕಿದ ಕಾಂಕ್ರೀಟೇ ಕಂಬ ಕೀಳುವ ಹಿಡಿಕೆಯಾಯಿತು. ಎರೆಯಲ್ಲಿ ಕಾಂಕ್ರೀಟು ತಳದಲ್ಲಿ ಅಗಲವಾಗಿ ಕೂರಬೇಕು, ಮೇಲೆ ಗರಸು ಬರಬೇಕು. ಗರಸು ಉಬ್ಬುವುದಿಲ್ಲ, ನೀರು ಬಿಟ್ಟುಕೊಡುತ್ತದೆ.

ವಾಲಿದ ಒಂಬತ್ತರಲ್ಲಿ ಆರು ಕಂಬ ಬಲಬದಿಯ ಒಂದೇ ಕಡೆ ಇದ್ದವು. ಅದು ಗುತ್ತಿಗೆದಾರರ ತಲೆಗೆ ಕಟ್ಟುವ ತಪ್ಪಲ್ಲ. ಮಾಳಿಗೆಯ ಮಳೆನೀರಿನ ಪೈಪು ಸರಿಯಾಗಿ ಆ ಕಂಬಗಳ ಬುಡಕ್ಕೆ ಸುರಿಯುತ್ತಿತ್ತು. ಇತ್ತ ಮಣ್ಣು ಕುಡಿದು ಉಬ್ಬಿದಾಗ ಅತ್ತ ಇನ್ನೂ ಒಣಗಿತ್ತು. ಪೈಪು ನಮ್ಮದು.

ಮೂಲೆಯ ಕಂಬ ಒಳಗೆ ಬಂದದ್ದಕ್ಕೆ ಮಣ್ಣಿಗಿಂತ ಜಾಲರಿಯ ಎಳೆತ ಕಾರಣ. ಎರಡು ಬದಿಯ ಜಾಲರಿ ಮೂಲೆಯ ಕಂಬವನ್ನು ಎರಡು ದಿಕ್ಕಿಗೆ ಎಳೆಯುತ್ತದೆ. ಆ ಎರಡು ಎಳೆತ ಸೇರಿದರೆ ದಿಕ್ಕು ಒಳಮುಖ. ಅದಕ್ಕೇ ಪ್ರತಿ ಮೂಲೆಗೆ ಒಳಗಿನಿಂದ ಓರೆಯಾಗಿ ಎರಡು ಸಪೋರ್ಟ್ ಕಲ್ಲು ಕೊಡುತ್ತಾರೆ. ನಮ್ಮ ಬೇಲಿಯಲ್ಲಿ ಒಂದೂ ಇರಲಿಲ್ಲ.

ಇನ್ನು ತಂತಿ. "10 ಗೇಜ್ ಐತ್ರಿ" ಎಂದು ಅವರು ಬಾಯಲ್ಲಿ ಹೇಳಿದ್ದು ನನಗೆ ನೆನಪಿತ್ತು. 50 ಅಡಿಯ ಐದು ಸುರುಳಿ ತಂದಿದ್ದರು. 240 ಅಡಿ ಬಳಸಿ 10 ಅಡಿ ತುಂಡು ಉಳಿದು ಮೋಟರ್ ಕೋಣೆಯಲ್ಲಿ ಬಿದ್ದಿತ್ತು. ಮಾಮಿಯ ಹಿಟ್ಟಿನ ಗಿರಣಿಯ ಪರಿಚಯದವರ ತಕ್ಕಡಿಗೆ ಹಾಕಿದೆವು. 5 ಕಿಲೋ 600 ಗ್ರಾಂ. ಮೂರಿಂಚು ಕಣ್ಣಿನ 10 ಗೇಜ್ ಆಗಿದ್ದರೆ ಎಂಟು ಕಿಲೋ ದಾಟಬೇಕಿತ್ತು. ಗೇಜ್ ಸಂಖ್ಯೆ ಏರಿದಂತೆ ತಂತಿ ಸಣ್ಣದಾಗುತ್ತದೆ: 10 ಗೇಜ್ ಎಂದರೆ ಸುಮಾರು 3.25 ಮಿಲಿಮೀಟರ್, 12 ಗೇಜ್ 2.64, 14 ಗೇಜ್ 2.03. ನೋಡಲು 10ಕ್ಕೂ 12ಕ್ಕೂ ಕೂದಲೆಳೆಯ ವ್ಯತ್ಯಾಸ, ಆದರೆ ಕಬ್ಬಿಣ ಮೂರರಲ್ಲಿ ಒಂದು ಪಾಲು ಕಡಿಮೆ. ಜಾಲರಿಯ ಕಿಮ್ಮತ್ತೆಲ್ಲ ತೂಕದಲ್ಲೇ ಇರುವುದರಿಂದ ಸುರುಳಿ ಇಳಿಸುವಾಗಲೇ ತೂಗಿಸಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ನಾನು ಕೆಲಸದ ಸೈಟಿನಲ್ಲಿ ಸರಳು ಬಂದರೆ ತೂಗಿಸದೆ ಒಳಗೆ ಬಿಡುವುದಿಲ್ಲ. ಮಾಮಾನ ಮನೆಗೆ ಬಂದಾಗ ಮಾತ್ರ ನೆಂಟನಾಗಿಬಿಟ್ಟೆ.

ಮಾತುಕತೆ

ಗುತ್ತಿಗೆದಾರರು ಫೋನ್ ಎತ್ತಿದರು. ಇದನ್ನು ಮೊದಲು ಹೇಳಬೇಕು, ಯಾಕೆಂದರೆ ಎಷ್ಟೋ ಜನ ಎತ್ತುವುದಿಲ್ಲ. ಮಾರನೇ ದಿನವೇ ಬಂದು ಕಂಬ ಅಲ್ಲಾಡಿಸಿ ನೋಡಿದರು.

"ಮಾಸ್ತರ್ರ, ಸುಳ್ಳ ಹೇಳಂಗಿಲ್ರಿ. ನಮ್ಮ ಕಡೆ ಹಿಂಗ ಹಾಕಿದ್ದು ಹತ್ತ ವರ್ಷ ಆದ್ರೂ ಅಳ್ಳಾಡಿಲ್ಲ."

"ನಿಮ್ಮ ಕಡೆ ಅಂದ್ರ?" ಅಂದೆ.

"ಕಲಘಟಗಿ ಕಡೀಗ್ರಿ. ಕೆಂಪ ಮಣ್ಣ."

ಅಲ್ಲಿಗೆ ನನಗೆ ಅರ್ಧ ವಿಷಯ ಬಗೆಹರಿಯಿತು. ಧಾರವಾಡ ಜಿಲ್ಲೆಯ ಪಶ್ಚಿಮದಲ್ಲಿ ಮಲೆನಾಡಿನ ಸೆರಗಿನ ಕೆಂಪು ನೆಲ, ಪೂರ್ವಕ್ಕೆ ಬಂದರೆ ಎರೆ. ನಡುವೆ ಬಸ್ಸಿನಲ್ಲಿ ತಾಸೊಪ್ಪತ್ತಿನ ದಾರಿ. ಲೋಕಲ್ ಗುತ್ತಿಗೆದಾರರು ಬೇಕು ಎಂದು ಹುಡುಕುವಾಗ ನಾವು ಮೊಬೈಲ್ ನಂಬರು, ಗುರುತಿನವರು, ಹತ್ತಿರದ ಊರು ನೋಡಿದೆವು. ಅವರು ಹಿಂದೆ ಕಂಬ ನೆಟ್ಟ ನೆಲ ಯಾವುದು ಎಂದು ಕೇಳಲಿಲ್ಲ. ಅವರು ಹಾಕಿದ ಬೇಲಿ ತೋರಿಸಿ ಎಂದು ಕೇಳಿದ್ದೇನೋ ನಿಜ. ತೋರಿಸಿದ್ದು ಫೋನಿನಲ್ಲಿ, ಕೆಂಪು ಮಣ್ಣಿನ ಮಾವಿನ ತೋಟದ್ದು. ಮಾವು ಚೆನ್ನಾಗಿದೆ ಅಂದಿದ್ದೆ.

ಗೇಜ್ ವಿಷಯ ಎತ್ತಿದಾಗ ಅವರ ಮುಖ ಸಣ್ಣದಾಯಿತು. "ಅಂಗಡ್ಯಾವ ಹಂಗ ಹೇಳಿ ಕೊಟ್ಟಾನ್ರಿ," ಅಂದರು. ನಾನು ನಂಬಲಿಲ್ಲ. ಆದರೆ ಬರಹದಲ್ಲಿ ಇಲ್ಲದ್ದನ್ನು ಹಿಡಿದು ಜಗ್ಗಲು ನನ್ನ ಕೈಯಲ್ಲೂ ಏನಿರಲಿಲ್ಲ.

ರೊಕ್ಕದ ಲೆಕ್ಕ ಹೀಗಿತ್ತು: ಮುಂಗಡ 23,000, ಜಾಲರಿ ಎಳೆದ ದಿನ 18,000, ಉಳಿಸಿಕೊಂಡದ್ದು 5,000. ಪ್ರತಿ ಕಂತೂ ಕಣ್ಣಿಗೆ ಕಾಣುವ ಕೆಲಸಕ್ಕೆ ಕಟ್ಟಿತ್ತು. ಬೇಲಿಯ ಜೀವ ಇರುವ ಜಾಗ, ಅಂದರೆ ತೆಗ್ಗು, ತೆರೆದಿದ್ದ ಆ ಎರಡು ದಿನಕ್ಕೆ ಒಂದು ಪೈಸೆಯೂ ಕಟ್ಟಿರಲಿಲ್ಲ. ಈ ಪ್ರಕರಣದಲ್ಲಿ ನನ್ನ ದೊಡ್ಡ ತಪ್ಪು ಅದು. ಗೇಜ್ ಸಣ್ಣದಾದದ್ದು ಅದರ ಮುಂದೆ ಏನಲ್ಲ.

ಗ್ರಾಹಕರ ಆಯೋಗಕ್ಕೆ ಹೋಗುವ ವಿಚಾರವೂ ಬಂತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಮನೆಗೆ ಬೇಲಿ ಹಾಕಿಸಿದ್ದೂ ರೊಕ್ಕ ಕೊಟ್ಟು ಪಡೆದ ಸೇವೆಯೇ. ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರಿಲ್ಲದೆ ನಾವೇ ಹೋಗಿ ನಿಲ್ಲಬಹುದು. ಗೆಲ್ಲಬಹುದಿತ್ತೇನೋ. ಆದರೆ ಆ ಒಂದು ಸಾಲಿನ ಮೆಸೇಜು ಹಿಡಿದು ಹೋದರೆ, ತೆಗ್ಗು ಎರಡೂವರೆ ಅಡಿ ಇರಬೇಕಿತ್ತು ಎಂದು ನಾವು ಎಲ್ಲಿಂದ ತೋರಿಸುವುದು? ಮಾಮಾಗೆ ಅಡ್ಡಾಡುವ ಮನಸ್ಸಿರಲಿಲ್ಲ. "ಅವನೂ ಬರತೇನಿ ಅನ್ನಾಕತ್ತಾನ. ಮಾಡಿಸ್ಕೊಳ್ಳೂಣು," ಅಂದರು. ಮಾಡಿದ್ದನ್ನು ಮಾಡಿದವರಿಂದಲೇ ಬಿಚ್ಚಿಸುವುದು ನನಗೆ ಸಮಾಧಾನವಿರಲಿಲ್ಲ. ಮಾಮಾ ಹೇಳಿದ್ದೇ ನಡೆಯಿತು.

ಸಾಮಾನು ನಮ್ಮದು, ದುಡಿಮೆ ಅವರದು. ಉಳಿದ 5,000ದ ಜೊತೆ ಇನ್ನೂ 6,000 ಕೊಡುವುದು. ನಾಲ್ಕು ಆಳಿನ ನಾಲ್ಕೈದು ದಿನದ ಪಗಾರ ಕೊಟ್ಟರೆ ಅದರಲ್ಲಿ ಅವರಿಗೆ ಉಳಿಯುವುದೇನೂ ಇರಲಿಲ್ಲ.

ಮಳೆಗಾಲದಲ್ಲಿ ಕೈ ಹಾಕುವಂತಿರಲಿಲ್ಲ. ಎರೆ ಹಸಿಯಾದರೆ ಸನಿಕೆಗೆ ಅಂಟಿದ್ದು ಬಿಡುವುದಿಲ್ಲ, ಚಪ್ಪಲಿಗೆ ಅಂಟಿದರೆ ಚಪ್ಪಲಿಯೇ ಅಲ್ಲಿ ಉಳಿಯುತ್ತದೆ. ಹಿಂಗಾರಿನ ಮಳೆ ಮುಗಿದು ಮಣ್ಣು ಪೂರ್ತಿ ಒಣಗುವ ಮುಂಚಿನ ಹದ, ಡಿಸೆಂಬರ್ ತನಕ ಕಾಯ್ದೆವು. ನಡುವಿನ ಆರು ತಿಂಗಳು ಮಾಮಾ ಜಾಲಿಮುಳ್ಳು ತರಿಸಿ ಜಾಲರಿಯ ಬುಡಕ್ಕೆ ಒತ್ತಿದರು. 46,000ದ ಬೇಲಿಗೆ ಮುಳ್ಳಿನ ಬೇಲಿ ಕಾವಲು. ಹಂದಿಗಳು ಆ ಮುಳ್ಳಿಗೆ ಹೆದರಿದಷ್ಟು ಗ್ಯಾಲ್ವನೈಜ್ ತಂತಿಗೆ ಎಂದೂ ಹೆದರಿರಲಿಲ್ಲ.

ಎರಡನೇ ಸಲ

ಈ ಸಲ ಎರಡು ಹಾಳೆ ಬರೆದೆವು, ಇಬ್ಬರೂ ಸಹಿ ಹಾಕಿದೆವು. ಬದಿಗಳಲ್ಲಿ ಸುಮಾರು ಎಂಟು ಅಡಿಗೆ, ಹಿಂದೆ ಏಳೂವರೆ ಅಡಿಗೆ ಒಂದರಂತೆ 31 ಕಂಬ. ಅಂದರೆ ಹೊಸವು ಆರು. ತೆಗ್ಗು 33 ಇಂಚು, ತಳದಲ್ಲಿ ಮೂರು ಇಂಚು ಖಡಿ (ಜಲ್ಲಿಕಲ್ಲು), ಕಂಬ ಒಳಗೆ 30 ಇಂಚು. ಕೆಳಗಿನ ಅರ್ಧಕ್ಕೆ ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಉಸುಕು, ನಾಲ್ಕು ಪಾಲು ಖಡಿಯ ಕಾಂಕ್ರೀಟು, ಮೇಲಿನ ಅರ್ಧಕ್ಕೆ ಗರಸು, ಆರಾರು ಇಂಚಿಗೆ ದಮ್ಮಸು ಹಾಕಿ. ತೆಗೆದ ಎರೆ ಮಣ್ಣು ವಾಪಸ್ ತುಂಬುವಂತಿಲ್ಲ. ಎರಡು ಮೂಲೆಗೆ ಎರಡೆರಡು, ಎರಡು ತುದಿಗೆ ಒಂದೊಂದು, ಒಟ್ಟು ಆರು ಸಪೋರ್ಟ್ ಕಲ್ಲು. ಏಳು ದಿನ ನೀರು ಹಾಕಿದ ಮೇಲೆಯೇ ಜಾಲರಿ ಎಳೆಯುವುದು. ಮೇಲೆ, ನಡುವೆ, ಕೆಳಗೆ ಮೂರು ಸಾಲು ಲೈನ್ ತಂತಿ. ಕೊಡಬೇಕಾದ 11,000ದಲ್ಲಿ 3,000 ತೆರೆದ ತೆಗ್ಗು ನೋಡಿದ ಮೇಲೆ, 5,000 ಜಾಲರಿ ಬಿಗಿದ ಮೇಲೆ, 3,000 ಮುಂದಿನ ಮುಂಗಾರಿನ ಮೊದಲ ದೊಡ್ಡ ಮಳೆ ಆದ ಮೇಲೆ. ಕೊನೆಯ ಕಂತಿಗೆ ಅವರು ಸ್ವಲ್ಪ ಗೊಣಗಿದರು, ಆಮೇಲೆ ಸಹಿ ಮಾಡಿದರು.

ತೆಗ್ಗು ನೋಡುವ ದಿನ ರಜೆ ಹಾಕಿದೆ. ಒಂದು ಸರಳಿಗೆ 33 ಇಂಚಿನ ಹತ್ತಿರ ಕೆಂಪು ಟೇಪು ಸುತ್ತಿಕೊಂಡು ಪ್ರತಿ ತೆಗ್ಗಿಗೂ ಇಳಿಸಿದೆ. ಟೇಪು ನೆಲದ ಮಟ್ಟಕ್ಕೆ ಬಂದರೆ ಮಾಮಾ ನೋಟ್‌ಬುಕ್ಕಿನಲ್ಲಿ ಸರಿ ಗುರುತು ಹಾಕುವರು, ಬರದಿದ್ದರೆ ಶೂನ್ಯ. ಮೂವತ್ತು ವರ್ಷ ಪೇಪರ್ ತಿದ್ದಿದ ಕೈ. 31ರಲ್ಲಿ ನಾಲ್ಕಕ್ಕೆ ಶೂನ್ಯ ಬಂತು. ನಾಲ್ಕನ್ನೂ ಅಲ್ಲೇ ಮತ್ತೆ ತೋಡಿಸಿದೆವು. ಒಂದರಲ್ಲಿ ಮೂರಡಿಗೆ ಗರಸೇ ಹತ್ತಿತು, ಗೌಂಡಿ ಹಲ್ಲು ಬಿಟ್ಟು ನಕ್ಕ. ಉಳಿದವುಗಳಲ್ಲಿ ತಳದವರೆಗೂ ಕರಿ ಮಣ್ಣೇ.

ಹಂದಿಯ ದಾರಿಗೆ, ಅಂದರೆ ಹಿಂದಿನ 60 ಅಡಿಗೆ, ಹಳೆಯ ಅಡುಗೆಮನೆಯಿಂದ ಕಿತ್ತ ಪರ್ಸಿ ಕಲ್ಲುಗಳನ್ನು (ನೆಲಕ್ಕೆ ಹಾಸುವ ಚಪ್ಪಡಿ) ಮಾಮಾನೇ ನಿಂತು ಅರ್ಧ ನೆಲದೊಳಗೆ, ಅರ್ಧ ಮೇಲೆ ಬರುವಂತೆ ನಿಲ್ಲಿಸಿ ಹೂಳಿಸಿದರು. ಮಳೆನೀರಿನ ಪೈಪಿಗೆ 12 ಅಡಿ ತುಂಡು ಜೋಡಿಸಿ ರಸ್ತೆಯ ಗಟಾರಕ್ಕೆ ಬಿಟ್ಟೆವು.

ಖರ್ಚು: ಆರು ಕಂಬ 2,700, ಸಪೋರ್ಟ್ ಕಲ್ಲು 2,100, ಗರಸು 2,500, ಹತ್ತು ಚೀಲ ಸಿಮೆಂಟು 3,700, ಖಡಿ ಮತ್ತು ಉಸುಕು 3,000. ಸಾಮಾನಿಗೆ 14,000, ಹೆಚ್ಚಿನ ದುಡಿಮೆಗೆ 6,000. ಮೊದಲಿನ 46,000 ಸೇರಿದರೆ 66,000. ಅಡಿಗೆ 275 ಬಿತ್ತು. ಇಷ್ಟಾದ ಮೇಲೂ ಜಾಲರಿ ಅದೇ 12 ಗೇಜಿನದು. ನವಲಗುಂದದ ಹಿರಿಯರು 10 ಗೇಜ್ ಹಾಕಿ 240ಕ್ಕೆ ಕೇಳಿದ್ದರು.

2025ರ ಮುಂಗಾರು ಬಂದು ಒಂದು ವಾರ ಸುರಿದ ಮೇಲೆ ತೂಗುಗುಂಡು ಹಿಡಿದು 31 ಕಂಬಗಳನ್ನೂ ನೋಡಿದೆವು. ಕೊನೆಯ 3,000 ಕೊಟ್ಟೆವು. ಹಿಂದಿನ ಎಡಮೂಲೆಯಿಂದ ನಾಲ್ಕನೆಯ ಕಂಬ ಮಾತ್ರ ತುದಿಯಲ್ಲಿ ಮುಕ್ಕಾಲು ಇಂಚು ಹೊರಗೆ ಹೋಗಿದೆ. ಮಾಮಾ ಅದಕ್ಕೆ ಸುಣ್ಣದಲ್ಲಿ ಗುರುತು ಹಾಕಿ ತಾರೀಖು ಬರೆದಿದ್ದಾರೆ. ಪರ್ಸಿ ಕಲ್ಲುಗಳ ಸಂದಿ ಎರಡು ಕಡೆ ಬೆರಳಗಲ ಬಿಟ್ಟಿದೆ. ಅಲ್ಲಿಗೆ ಸದ್ಯ ಜಾಲಿಮುಳ್ಳು ತುರುಕಿದೆ. ಗೆಣಸು ಈ ಸಲ ಮಾಮಿ ಹಾಕಲಿಲ್ಲ, ಮೆಂತ್ಯ ಹಾಕಿದ್ದಾರೆ.